ಅತ್ತೆಯ ಬಾಯಿಗೆ ಟಾರ್ಚ್ ಬಿಟ್ಟ ದಿನ

ನಮ್ಮೂರಿನಲ್ಲಿ ನನ್ನನ್ನು ‘ನರ್ಸಮ್ಮ’ ಅಂತಲೇ ಕರೆಯುತ್ತಾರೆ. ತೀರ್ಥಹಳ್ಳಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನನ್ನ ಕೆಲಸ. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರ ತಪಾಸಣೆ, ಬಿ.ಪಿ., ಶುಗರ್ ನೋಡುವುದು ಮೊದಲಿನಿಂದ ಇದ್ದದ್ದೇ. ಕೆಲವು ವರ್ಷಗಳಿಂದ ಇನ್ನೊಂದು ಸೇರಿಕೊಂಡಿದೆ. 30 ವರ್ಷ ದಾಟಿದವರ ಬಾಯಿ ತೆಗೆಸಿ ನೋಡಬೇಕು. ಗ್ಲೌಸ್ ಮತ್ತು ಟಾರ್ಚ್ ಇದ್ದರೆ ಸಾಕು. ತುಟಿಯ ಒಳಗೆ, ಎರಡೂ ಕೆನ್ನೆಯ ಒಳಬದಿ, ವಸಡು, ನಾಲಿಗೆಯ ಅಂಚು, ನಾಲಿಗೆಯ ಅಡಿ, ಮೇಲಿನ ಅಂಗಳ. ಒಬ್ಬರಿಗೆ ಎರಡು ಮೂರು ನಿಮಿಷ.

ಊರವರ ಬಾಯಿಯನ್ನೆಲ್ಲ ನೋಡಿದ ನಾನು ಮನೆಯಲ್ಲೇ ಇದ್ದ ಒಂದು ಬಾಯಿಯನ್ನು ನೋಡಿರಲಿಲ್ಲ. ಅದು ನಮ್ಮ ಅತ್ತೆಯದು. ಬೆಳಿಗ್ಗೆ ಕಾಫಿ ಆದಕೂಡಲೇ ಅವರಿಗೆ ಕವಳದ ತಟ್ಟೆ ಬೇಕು. ಎಲೆಗೆ ಸುಣ್ಣ, ಅಡಿಕೆ, ಮೇಲೊಂದು ಚೂರು ಹೊಗೆಸೊಪ್ಪು. ಎಡಗೆನ್ನೆಯಲ್ಲಿ ಇಟ್ಟರೆ ಒಂದು ಗಂಟೆ ಮಾತಿಲ್ಲ. ‘ಅತ್ತೆ, ಒಂದು ಸಲ ನೋಡ್ತೀನಿ’ ಎಂದರೆ, ‘ನಿನ್ನ ನರ್ಸ್ ಕೆಲಸ ಉಪಕೇಂದ್ರದಲ್ಲಿ ಇಟ್ಕೋ ಮಾರಾಯ್ತಿ, ನಂಗೆ ಎಂತ ನೋವೂ ಇಲ್ಲ’ ಎನ್ನುತ್ತಿದ್ದರು. ನಾನೂ ಸೊಸೆ ತಾನೇ, ಹೆಚ್ಚು ಒತ್ತಾಯ ಮಾಡಲಿಲ್ಲ. ಹಾಗೆ ನಾಲ್ಕು ವರ್ಷ ಸುಮ್ಮನಿದ್ದದ್ದು ನನ್ನದೇ ತಪ್ಪು.

ಮಕ್ಕಳೇ, ಬರೀ ಟಾರ್ಚ್ ಬಿಟ್ಟು ನೋಡಿದರೆ ಜೀವ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ತರಬೇತಿಯಲ್ಲಿ ನಾನೂ ಹಾಗೇ ಕೇಳಿದ್ದೆ. ಉತ್ತರ ಸಿಕ್ಕಿದ್ದು ಪಕ್ಕದ ಕೇರಳದಿಂದ. ಅಲ್ಲಿನ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಡಾ. ಶಂಕರನಾರಾಯಣನ್ ಮತ್ತು ಅವರ ಜೊತೆಗಾರರು ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. 13 ಪಂಚಾಯಿತಿಗಳು, 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನ. ಏಳು ಪಂಚಾಯಿತಿಗಳಲ್ಲಿ ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಬಾಯಿ ನೋಡಿದರು. ಉಳಿದ ಆರರಲ್ಲಿ ಎಂದಿನಂತೆ, ಯಾರಿಗೆ ತೊಂದರೆ ಕಾಣಿಸಿತೋ ಅವರು ಆಸ್ಪತ್ರೆಗೆ ಹೋಗುತ್ತಿದ್ದರು. ಎರಡನ್ನೂ ಹೋಲಿಸಿದರೆ ತಾನೇ ನಿಜ ಗೊತ್ತಾಗುವುದು? ನನಗೆ ತುಂಬ ಹಿಡಿಸಿದ್ದು ಏನೆಂದರೆ, ಮನೆಮನೆಗೆ ಹೋದವರು ಡಾಕ್ಟರುಗಳಲ್ಲ. ಬೇರೆ ವಿಷಯ ಓದಿ ಪದವಿ ಪಡೆದು, ಈ ಕೆಲಸಕ್ಕೆಂದೇ ತರಬೇತಿ ಪಡೆದ ಕಾರ್ಯಕರ್ತರು. ಅನುಮಾನ ಬಂದವರನ್ನು ಮಾತ್ರ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಗೆಸೊಪ್ಪು, ಬೀಡಿ, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ಅಂದರೆ ನೂರು ಜನ ಸಾಯುವಲ್ಲಿ 66. ಯಾವ ಅಭ್ಯಾಸವೂ ಇಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಕವಳ ಹಾಕುವವರ ಬಾಯಿಯನ್ನೇ ನಾವು ಮೊದಲು ಹುಡುಕಿಕೊಂಡು ಹೋಗುವುದು.

ಇನ್ನೊಂದು ಮಾತು. ಅಡಿಕೆ ತೋಟದ ಮನೆಯವಳಾಗಿ ಇದನ್ನು ಬರೆಯಲು ನನಗೆ ಸಂಕಟವೇ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೆ ಏನೂ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದಿದೆ. ಅಡಿಕೆ ಹೆಚ್ಚು ಜಗಿದರೆ ಕೆನ್ನೆಯ ಒಳಗೆ ಬಿಗಿತ ಬಂದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದು: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಡಿ. ಹಿಡಿಸದಿದ್ದರೆ ಒಮ್ಮೆ ತೋರಿಸಿಕೊಳ್ಳಿ.

ಅತ್ತೆಯನ್ನು ಒಪ್ಪಿಸಿದ್ದು ನಾನಲ್ಲ, ನನ್ನ ಒಂಬತ್ತು ವರ್ಷದ ಮಗಳು. ಕರೆಂಟ್ ಹೋದ ಒಂದು ಸಂಜೆ ಟಾರ್ಚ್ ಹಿಡಿದು ಮೂರು ಬೆರಳಿನ ಆಟ ಆಡುತ್ತಿದ್ದಳು. ‘ಅಜ್ಜೀ, ಈಗ ನಿನ್ನ ಸರದಿ, ಆ ಮಾಡು’ ಎಂದಳು. ಮೊಮ್ಮಗಳಿಗೆ ಇಲ್ಲ ಎನ್ನಲು ಅತ್ತೆಗೆ ಬರುವುದಿಲ್ಲ. ಎರಡೇ ಬೆರಳು ಹೋಯಿತು. ‘ಅಮ್ಮಾ, ಅಜ್ಜಿ ಕೆನ್ನೆಯಲ್ಲಿ ಸುಣ್ಣ ಮೆತ್ತಿಕೊಂಡಿದೆ!’ ಎಂದು ಅವಳು ಕೂಗಿದಾಗ ಒಲೆಯ ಮೇಲಿನ ಹಾಲು ಬಿಟ್ಟು ಓಡಿದೆ.

ಅದು ಸುಣ್ಣವಲ್ಲ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕವಳ ಇಡುವ ಜಾಗದಲ್ಲೇ. ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಇವೂ ಇದೇ ಜಾತಿಯ ಸೂಚನೆಗಳು. ಶುರುವಿನಲ್ಲಿ ಇವು ನೋಯುವುದೇ ಇಲ್ಲ. ‘ನೋವಿಲ್ಲ’ ಎಂಬ ಅತ್ತೆಯ ಮಾತು ನಿಜವೇ ಆಗಿತ್ತು, ಆದರೆ ಅದನ್ನು ನಂಬುವಂತಿರಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅತ್ತೆ ಕವಳದ ತಟ್ಟೆ ಮುಟ್ಟಲಿಲ್ಲ, ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಮುಂದೆ ಆಗಬಹುದು ಎಂದು ಬಂತು. ಹೊಗೆಸೊಪ್ಪು, ಅಡಿಕೆ ಎರಡನ್ನೂ ನಿಲ್ಲಿಸಿ, ಡಾಕ್ಟರು ಹೇಳಿದ ದಿನಗಳಿಗೆ ತಪ್ಪದೆ ತೋರಿಸಬೇಕು. ಬಿಡುವುದು ಸುಲಭವೇನಲ್ಲ. ಮೊದಲ ವಾರ ಮನೆಯಲ್ಲಿ ಎಲ್ಲರಿಗೂ ಬೈಗುಳ. ಆಮೇಲೆ ಲವಂಗ, ಏಲಕ್ಕಿ, ಸೋಂಪು ತುಂಬಿದ ಒಂದು ಡಬ್ಬಿ ಸೊಂಟಕ್ಕೆ ಬಂತು. ಎರಡು ಸಲ ಕದ್ದು ಹಾಕಿ ಮಗಳ ಕೈಗೆ ಸಿಕ್ಕಿಬಿದ್ದದ್ದೂ ಉಂಟು.

ಮೊನ್ನೆ ಕೆಳಗಿನ ಮನೆಯ ಅಜ್ಜ ಬಂದಿದ್ದರು. ಕೂತವರೇ ಅಭ್ಯಾಸದಂತೆ ಕವಳದ ತಟ್ಟೆಗೆ ಕೈ ಚಾಚಿದರು. ಅತ್ತೆ ತಟ್ಟೆಯನ್ನು ಹಿಂದಕ್ಕೆ ಸರಿಸಿ ಒಳಗೆ ಕೂಗಿದರು: ‘ಕೂಸೇ, ಟಾರ್ಚ್ ತಗೊಂಡು ಬಾ. ಅಮ್ಮನ್ನೂ ಕರಿ.’