ದಿನಬಳಕೆಯ ಸದ್ದುಗಳೇ ಸಂಗೀತವಾದಾಗ

ಶ್ರುತಿಲಯಗಳಿಗೆ ಒಳಪಟ್ಟ ನಾದವೇ ಸಂಗೀತ, ಉಳಿದುದೆಲ್ಲ ಬರಿಯ ಗದ್ದಲ ಎಂದು ವಿಂಗಡಿಸಿಕೊಂಡು ಬಂದಿರುವ ನಮ್ಮ ಕಿವಿಗೆ, ರೈಲುಗಾಡಿಯ ಗಡಗಡ ಶಬ್ದ, ಬಾಗಿಲಿನ ಕಿರುಗುಟ್ಟುವಿಕೆ, ಪಾತ್ರೆಗಳ ಠಣತ್ಕಾರ ಇವುಗಳಿಂದಲೇ ರಚಿತವಾದ ಕೃತಿಯೊಂದು ಮೊದಲ ಸಲ ಬಿದ್ದಾಗ ಅಸಹನೆ ಹುಟ್ಟುವುದು ಸಹಜವೇ ಸರಿ. ಆದರೆ ಆ ಅಸಹನೆಯನ್ನು ತುಸು ಹೊತ್ತು ತಡೆದುಕೊಂಡು ಕುಳಿತವರಿಗೆ ದೊರೆಯತಕ್ಕ ಲಾಭ ಅಲ್ಪವಲ್ಲವೆಂದು ನಾನು ನಂಬಿದ್ದೇನೆ.

ಈ ಬಗೆಯ ರಚನೆಗೆ ಖಚಿತವಾದ ರೂಪ ಕೊಟ್ಟವನು ಫ್ರಾನ್ಸಿನ ರೇಡಿಯೋ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಪಿಯೆರ್ ಶೆಫೆರ್. ಪ್ಯಾರಿಸಿನ ಬಾತಿನ್ಯೋಲ್ ನಿಲ್ದಾಣದಲ್ಲಿ ಉಗಿಬಂಡಿಗಳ ಸದ್ದನ್ನು ಮುದ್ರಿಸಿಕೊಂಡು, ಅದನ್ನು ತುಂಡರಿಸಿ ಜೋಡಿಸಿ ಅವನು ರಚಿಸಿದ ಕೃತಿ 1948ರ ಅಕ್ಟೋಬರ್ 5ರಂದು ರೇಡಿಯೋದಲ್ಲಿ ಪ್ರಸಾರವಾಯಿತು. ಅವನ ಮುಖ್ಯ ಸಲಕರಣೆಯೆಂದರೆ ಗ್ರಾಮಾಫೋನ್ ತಟ್ಟೆ ಮತ್ತು ಅದನ್ನು ಕೊರೆಯುವ ಯಂತ್ರ. ತಟ್ಟೆಯ ಗೆರೆ ಮುಂದೆ ಸಾಗದೆ ತನ್ನಲ್ಲಿಯೇ ಬಂದು ಕೂಡುವಂತೆ ಕೊರೆದರೆ, ಮುಳ್ಳು ಅಲ್ಲಿಯೇ ಸುತ್ತಿ ಸುತ್ತಿ ಒಂದೇ ತುಣುಕನ್ನು ನುಡಿಯುತ್ತ ಹೋಗಿ, ಕೆಲವು ಸುತ್ತುಗಳಾದ ಮೇಲೆ ಅದು ರೈಲಿನ ಸದ್ದೆಂಬುದೇ ಮರೆತು ಅದರ ಲಯ ಮಾತ್ರ ಕಿವಿಯಲ್ಲಿ ನಿಲ್ಲುವುದು. ಇನ್ನೊಂದು ಪ್ರಯೋಗದಲ್ಲಿ ಅವನು ಗಂಟೆಯ ನಾದದಿಂದ ಮೊದಲ ಪೆಟ್ಟನ್ನು ಕತ್ತರಿಸಿ ತೆಗೆದು ಉಳಿದ ಅನುರಣನವನ್ನಷ್ಟೆ ಕೇಳಿಸಿದಾಗ ಅದು ಗಂಟೆಯಾಗಿ ಉಳಿಯದೆ ಬೇರೊಂದು ವಾದ್ಯವೇ ಆಗಿಬಿಟ್ಟಿತು. ಸದ್ದಿನ ಗುರುತು ಅದರ ಜನ್ಮಕ್ಷಣದಲ್ಲಿ ಎಷ್ಟರಮಟ್ಟಿಗೆ ಅಡಗಿದೆಯೆಂಬುದು ಇದರಿಂದ ಸ್ಪಷ್ಟವಾಯಿತು.

ಸದ್ದಿಗೆ ಹೀಗೆ ಕಿವಿಗೊಡುವ ವಿಷಯದಲ್ಲಿ, ದೇವರಾಯನದುರ್ಗಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಊರ್ಡಿಗೆರೆಯಂಥ ಊರಿನಲ್ಲಿ ಕಿವಿ ಸೋಮಾರಿಯಾಗಿರುವುದೇನೂ ಇಲ್ಲ. ಹಿಟ್ಟಿನ ಗಿರಣಿಯವನು ಎತ್ತಲೋ ನೋಡುತ್ತ ಮಾತಾಡುತ್ತಿದ್ದರೂ, ಮೇಲೆ ಸುರಿದ ರಾಗಿ ಮುಗಿಯುತ್ತ ಬಂದುದನ್ನು ಯಂತ್ರದ ದನಿ ಬದಲಾದುದರಿಂದಲೇ ತಿಳಿಯುತ್ತಾನೆ. ಮೊರದಲ್ಲಿ ರಾಗಿ ಕೇರುವ ಹೆಂಗಸಿಗೆ ಕಾಳು ಹಸನಾದುದು ಕಣ್ಣಿಗೆಂತೋ ಕಿವಿಗೂ ಅಂತೆಯೇ ಗೊತ್ತಾಗುತ್ತದೆ. ಇದು ಸೂಕ್ಷ್ಮವಾದ ಶ್ರವಣವೇ. ಆದರೂ ಇಲ್ಲಿ ಸದ್ದು ಬೇರೊಂದು ಸಂಗತಿಯ ಸೂಚನೆ ಮಾತ್ರ. ಸಂಗತಿ ತಿಳಿದೊಡನೆ ಸದ್ದನ್ನು ಬಿಟ್ಟುಬಿಡುತ್ತೇವೆ. ಶೆಫೆರ್ ಕೇಳಿದ್ದು ಇದಕ್ಕೆ ವಿಪರೀತವಾದುದನ್ನು: ಯಾವುದರ ಸದ್ದು ಎಂಬ ಪ್ರಶ್ನೆಯನ್ನು ಬದಿಗಿರಿಸಿ, ಅದರ ತೂಕ, ಒರಟುತನ, ಏರಿಳಿತ, ಕ್ಷಯ ಇವುಗಳನ್ನೇ ಗಮನಿಸಬೇಕೆಂದು.

ದಿನಬಳಕೆಯ ವಸ್ತುಗಳಿಂದ ಸಂಗೀತ ಹೊರಡಿಸುವುದು ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವವರುಂಟು. ಮಣ್ಣಿನ ಗಡಿಗೆ ಘಟವಾಯಿತು, ನೀರು ತುಂಬಿದ ಪಿಂಗಾಣಿ ಬಟ್ಟಲುಗಳು ಜಲತರಂಗವಾದುವು. ಬೆಂಗಳೂರಿನಲ್ಲಿ ನೆಲೆಸಿರುವ ವಿದುಷಿ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತಲೂ ಇರಿಸಿಕೊಂಡು ಘಟತರಂಗವನ್ನೇ ನುಡಿಸಿದ್ದಾರೆ. ಇದು ಹೆಮ್ಮೆಪಡತಕ್ಕ ವಿದ್ಯೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡನ್ನೂ ಒಂದೆಂದು ಭಾವಿಸುವುದು ತಪ್ಪು. ಘಟವಾದನದಲ್ಲಿ ಗಡಿಗೆಯೇ ತಾಳಕ್ಕೆ ಮಣಿಯುತ್ತದೆ. ಶೆಫೆರನ ಮಾರ್ಗದಲ್ಲಾದರೋ ರಚನಕಾರನೇ ಸದ್ದಿನ ಸ್ವಭಾವಕ್ಕೆ ಮಣಿದು, ಅದರಿಂದ ಹೊರಡಬಹುದಾದ ಕ್ರಮವನ್ನು ಹುಡುಕುತ್ತಾನೆ. ಆದುದರಿಂದ ಪರಂಪರೆಯ ಆಸರೆಯನ್ನು ನಂಬದೆ, ಇದನ್ನು ಹೊಸತೆಂದೇ ಒಪ್ಪಿ ಕೇಳುವುದು ಮೇಲು.

ಹಾಗೆಂದು ಭಾರತಕ್ಕೂ ಇದಕ್ಕೂ ಸಂಬಂಧವಿಲ್ಲವೆಂದಲ್ಲ. ಅಹಮದಾಬಾದಿನ ಗೀತಾ ಸಾರಾಭಾಯಿ 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ರಚನಕಾರ ಜಾನ್ ಕೇಜನಿಗೆ ಭಾರತೀಯ ಸಂಗೀತವನ್ನು ಬೋಧಿಸಿದರು. ಚಿತ್ತವನ್ನು ಶಾಂತಗೊಳಿಸುವುದೇ ಸಂಗೀತದ ಪ್ರಯೋಜನವೆಂಬ ಅವರ ಮಾತು ಅವನಲ್ಲಿ ಆಳವಾಗಿ ನೆಲೆಯೂರಿತು. 1952ರಲ್ಲಿ ಅವನ ಪ್ರಸಿದ್ಧ ಕೃತಿಯೊಂದನ್ನು ಪಿಯಾನೋ ವಾದಕ ಡೇವಿಡ್ ಟ್ಯೂಡರ್ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡುಗಳ ಕಾಲ ಏನನ್ನೂ ನುಡಿಸದೆ ಪ್ರದರ್ಶಿಸಿದಾಗ, ಸಭೆಯ ಸುತ್ತಣ ಸದ್ದುಗಳೇ ಶ್ರೋತೃಗಳ ಪಾಲಿಗೆ ಉಳಿದುವು. ಅದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯುನ್ಮಾನ ಸಂಗೀತದ ಸ್ಟುಡಿಯೋ ಸ್ಥಾಪಿಸಲು ನೆರವಾದನು.

ಶೆಫೆರನಿಗೆ ತಟ್ಟೆ ಕೊರೆಯುವ ಯಂತ್ರ ಬೇಕಾಯಿತು. ಇಂದು ಅದಕ್ಕಿಂತ ಸಮರ್ಥವಾದ ಉಪಕರಣ ಪ್ರತಿಯೊಬ್ಬರ ಮೊಬೈಲಿನಲ್ಲಿದೆ. ಆದರೆ ಮುದ್ರಿಸಿಕೊಳ್ಳತಕ್ಕ ಸದ್ದುಗಳಲ್ಲಿ ರಾಗಿ ಕಲ್ಲು, ಒಕ್ಕಣೆಯ ಗುಂಡುಕಲ್ಲು ಇವು ಬಹುಮಟ್ಟಿಗೆ ಮೌನವಾಗಿವೆ.  ಊರ್ಡಿಗೆರೆಯ ತರುಣತರುಣಿಯರು ರಾಗಿ ಕಲ್ಲು ತಿರುಗಿಸಬಲ್ಲ ಅಜ್ಜಿಯರಿರುವಾಗಲೇ ಅದರ ಸದ್ದನ್ನು ಮುದ್ರಿಸಿಕೊಳ್ಳಲಿ. ಅದನ್ನು ಕತ್ತರಿಸಿ, ಮರುಕಳಿಸಿ, ಜೋಡಿಸಿ ಒಂದು ರಚನೆಯನ್ನು ಮಾಡಲಿ. ಮಾಡಿದುದನ್ನು ಮೊದಲು ಆ ಅಜ್ಜಿಯರಿಗೇ ಕೇಳಿಸಿ, ಅವರ ಅಭಿಪ್ರಾಯವನ್ನು ಪಡೆಯಲಿ.