ತಾನಾಶಾನ ಬಾರಾದರಿಯಲ್ಲಿ ಮೂಲೆಮಟ್ಟ, ಕೈವಾರ

ಕಲಬುರಗಿ, ಬೀದರ, ರಾಯಚೂರಿನಿಂದ ಆಸ್ಪತ್ರೆ, ಕೋರ್ಟು, ಮದುವೆ ಜವಳಿ ಎಂದು ಹೈದರಾಬಾದಿಗೆ ಹೋಗಿಬರುವವರಿಗೆ ಗೋಶಾಮಹಲ್ ಎಂದರೆ ಒಂದು ಮೈದಾನ, ಇಲ್ಲವೇ ಚುನಾವಣೆಯ ಹೊತ್ತಿಗೆ ಕೇಳಿಬರುವ ಒಂದು ಕ್ಷೇತ್ರ. 2025ರ ಜನವರಿಯಲ್ಲಿ ಆ ಮೈದಾನದಲ್ಲಿ ಹೊಸ ಉಸ್ಮಾನಿಯಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಅಲ್ಲೇ ಸನಿಹದಲ್ಲಿ ಕಮಾನುಗಳ ಹಳೆಯ ಬಾರಾದರಿಯೊಂದಿದೆ. ಕಟ್ಟಿಸಿದವನು ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾ. ರಾಣಿವಾಸದವರ ವಿಹಾರಕ್ಕೆಂದು ಕಟ್ಟಿಸಿದ್ದು ಎನ್ನುತ್ತಾರೆ. 1687ರಲ್ಲಿ ಔರಂಗಜೇಬನ ಸೈನ್ಯ ಎಂಟು ತಿಂಗಳು ಮುತ್ತಿಗೆ ಹಾಕಿ ಕೋಟೆ ಗೆದ್ದಿತು. ಸುಲ್ತಾನ ದೌಲತಾಬಾದಿನ ಸೆರೆಗೆ ಹೋದ, ಕಟ್ಟಡ ಉಳಿಯಿತು. 1872ರಿಂದ ಅದು ಫ್ರೀಮೇಸನ್ನರೆಂಬ ಗುಟ್ಟಿನ ಸಂಘದ ಲಾಡ್ಜ್, ಎಂದರೆ ಸಭಾಮನೆ.

ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಐದಾರು ವರ್ಷದ ಹುಡುಗ. ಆಡಳಿತವೆಲ್ಲ ಮೊದಲನೆಯ ಸಾಲಾರ್ ಜಂಗ್ ಕೈಯಲ್ಲಿತ್ತು. ಅತ್ತ ರೆಸಿಡೆನ್ಸಿಯ ಸಾಹೇಬರು, ಇತ್ತ ಸಿಕಂದರಾಬಾದಿನ ದಂಡು. ಹಾಗಿರುವಾಗ ಬ್ರಿಟಿಷ್ ಅಧಿಕಾರಿಗಳ ನೆಚ್ಚಿನ ಸಂಘಕ್ಕೆ ಊರೊಳಗೊಂದು ಅರಮನೆ ಸಿಕ್ಕಿದ್ದು ಬರೀ ಔದಾರ್ಯ ಎಂದು ನನಗನ್ನಿಸುವುದಿಲ್ಲ.

ಈ ಸಂಘ ತನ್ನ ಬೇರನ್ನು ಸೊಲೊಮನ್ ದೊರೆಯ ದೇವಾಲಯದವರೆಗೆ ಎಳೆಯುತ್ತದೆ. ಅದು ಕಥೆ. ಸಂಘಟಿತ ರೂಪದ ಆರಂಭವೆಂದು ಎಣಿಸುವುದು 1717ರ ಲಂಡನ್: ಹೆಂಡದಂಗಡಿಗಳಲ್ಲಿ ಸೇರುತ್ತಿದ್ದ ನಾಲ್ಕು ಲಾಡ್ಜ್‌ಗಳು ಒಂದಾಗಿ ಗ್ರ್ಯಾಂಡ್ ಲಾಡ್ಜ್ ಆದವು. 1723ರಲ್ಲಿ ಜೇಮ್ಸ್ ಆಂಡರ್ಸನ್ ಅದಕ್ಕೊಂದು ನಿಯಮಾವಳಿ ಬರೆದ. ಹದಿನೈದು ವರ್ಷವಾಗುವ ಹೊತ್ತಿಗೆ ಪೋಪ್ ಕ್ಯಾಥೊಲಿಕರಿಗೆ ಇದನ್ನು ನಿಷೇಧಿಸಿದ್ದೂ ಆಯಿತು.

ಒಳಗೇನು ನಡೆಯುತ್ತದೆ? ನಮ್ಮ ದೇಶದ ಜನ ಲಾಡ್ಜಿಗೆ ಜಾದೂಘರ್ ಎಂದು ಹೆಸರಿಟ್ಟರು. ಕಿಪ್ಲಿಂಗನ ‘ಕಿಮ್’ನಲ್ಲೂ ಆ ಹೆಸರು ಬರುತ್ತದೆ. ಆದರೆ ಗುಟ್ಟು ರಟ್ಟಾಗಿ ಮೂರು ಶತಮಾನವಾಗುತ್ತ ಬಂತು. 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ವಿಧಿಗಳನ್ನೆಲ್ಲ ಅಚ್ಚು ಹಾಕಿಸಿ ಮಾರಿದ. ಬಾಗಿಲಲ್ಲಿ ಬಿಚ್ಚುಗತ್ತಿ ಹಿಡಿದ ಕಾವಲುಗಾರ. ಒಳಗೆ ಕಪ್ಪು-ಬಿಳಿ ಚೌಕದ ನೆಲ. ಹೊಸಬನನ್ನು ಕಣ್ಣು ಕಟ್ಟಿ ಕರೆತಂದು ಪ್ರಮಾಣ ಮಾಡಿಸಿ, ಕುರಿಮರಿಯ ಚರ್ಮದ ಬಿಳಿ ಏಪ್ರನ್ ಕಟ್ಟುತ್ತಾರೆ. ಮೆಟ್ಟಿಲು ಮೂರು: ಶಿಷ್ಯ, ಜೊತೆಗಾರ, ಮೇಸ್ತ್ರಿ. ಮೂರನೆಯದರಲ್ಲಿ ಹೀರಾಮ್ ಎಂಬ ಮಹಾಶಿಲ್ಪಿಯ ಕಥೆ ಆಡಿ ತೋರಿಸುತ್ತಾರೆ. ಗುಟ್ಟು ಬಿಟ್ಟುಕೊಡದ್ದಕ್ಕೆ ಮೂವರು ಅವನನ್ನು ಕೊಂದರಂತೆ. ಹೊಸ ಸದಸ್ಯನೇ ಆ ಹೀರಾಮನಾಗಿ ಬಿದ್ದು, ಮತ್ತೆ ಎದ್ದು ನಿಲ್ಲಬೇಕು.

ಬೋಧನೆಯೆಲ್ಲ ಕಲ್ಲುಕುಟಿಗನ ಸಾಮಾನಿನಲ್ಲೇ ಇದೆ. ಮೂಲೆಮಟ್ಟ ಎಂದರೆ ನೇರ ನಡತೆ, ಕೈವಾರ ಎಂದರೆ ಆಸೆಗೊಂದು ಗೆರೆ, ತೂಗುಗುಂಡು ಎಂದರೆ ನೆಟ್ಟಗಿರುವುದು. ಒರಟು ಕಲ್ಲಿನಂತಿರುವ ಮನುಷ್ಯ ಉಳಿಪೆಟ್ಟು ತಿಂದು ಚೊಕ್ಕ ಕಲ್ಲಾಗಬೇಕು. ದೇವರನ್ನು ವಿಶ್ವದ ಮಹಾಶಿಲ್ಪಿ ಎನ್ನುತ್ತಾರೆ. ಯಾವ ದೇವರಾದರೂ ಸರಿ, ನಂಬಿಕೆ ಮಾತ್ರ ಇರಲೇಬೇಕು. ಲಾಡ್ಜಿನೊಳಗೆ ಧರ್ಮ, ರಾಜಕೀಯದ ಚರ್ಚೆ ಕೂಡದು. ಭಾರತದಲ್ಲಿ ಗೀತೆ, ಕುರಾನ್, ಬೈಬಲ್ ಮೊದಲಾದ ಗ್ರಂಥಗಳನ್ನು ಒಟ್ಟಿಗೆ ಇಡುವುದುಂಟು. ಅವರವರ ಗ್ರಂಥದ ಮೇಲೆ ಅವರವರ ಪ್ರಮಾಣ. ಅರ್ಜಿದಾರ ಯಾವ ಮತದವನು ಎಂದು ನೋಡಿ ಗ್ರಂಥ ತರಿಸುವ ಸಂಘ ನಮ್ಮಲ್ಲಿ ಹೆಚ್ಚಿಲ್ಲ.

ಇಲ್ಲಿ ನನಗೆ ಬಸವಕಲ್ಯಾಣ ನೆನಪಾಗುತ್ತದೆ. ಅದೂ ನಿಜಾಮರ ಸೀಮೆಯೊಳಗೇ ಇದ್ದ ಊರು. ದುಡಿಮೆಯ ಸಲಕರಣೆಯನ್ನು ಬದುಕಿನ ಮಾತಾಗಿಸುವ ಕೆಲಸ ಅಲ್ಲಿ ಹನ್ನೆರಡನೆಯ ಶತಮಾನದ ಶರಣರ ವಚನಗಳಲ್ಲೇ ನಡೆದಿತ್ತು. ಆದರೆ ಅಲ್ಲಿ ಅಂಬಿಗನೇ ಮಾತಾಡಿದ, ಮಡಿವಾಳನೇ ಮಾತಾಡಿದ, ಅಕ್ಕನೂ ಮಾತಾಡಿದಳು. ಗೋಶಾಮಹಲಿನಂಥ ಲಾಡ್ಜ್‌ಗಳಲ್ಲಿ ಏಪ್ರನ್ ಕಟ್ಟಿದವರು ಕರ್ನಲ್‌ಗಳು, ವಕೀಲರು, ಜಮೀನುದಾರರು. ನಿಜವಾಗಿ ಕಲ್ಲು ಒಡೆಯುವ ಒಡ್ಡರವನಿಗೆ ಆ ಬಾಗಿಲು ತೆರೆದಿರಲಿಲ್ಲ.

ಸಹೋದರತೆ ಅಷ್ಟು ಸಲೀಸಾಗಿಯೂ ಹಂಚಿಕೆಯಾಗಲಿಲ್ಲ. ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮ್ರಾನಿಗೆ 1770ರ ದಶಕದಲ್ಲೇ ದೀಕ್ಷೆ ಸಿಕ್ಕಿತು, ಏಕೆಂದರೆ ಅವನು ಬೇಕಾದವನು. ಪಾರ್ಸಿ ಮಾಣೆಕ್‌ಜೀ ಕರ್ಸೆಟ್‌ಜೀಗೆ ಬಾಗಿಲು ಮುಚ್ಚಿದ್ದೇ ಕಾರಣವಾಗಿ, 1843ರಲ್ಲಿ ಮುಂಬೈಯಲ್ಲಿ ಭಾರತೀಯರಿಗೂ ಜಾಗವಿರುವ ಲಾಡ್ಜ್ ಹುಟ್ಟಿತು. ಹಿಂದೂಗಳಿಗೆ ಅಡ್ಡಿ ಇನ್ನೂ ದೊಡ್ಡದು: ಬಹುದೇವರನ್ನು ಪೂಜಿಸುವವರು, ಜಾತಿ ಬಿಡದವರು ಹೇಗೆ ಸಹೋದರರಾದಾರು ಎಂಬ ತಕರಾರು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತ ಒಂಬತ್ತು ವರ್ಷ ಪಟ್ಟು ಹಿಡಿದು ಒಳಹೊಕ್ಕಿದ್ದು 1872ರಲ್ಲಿ, ಗೋಶಾಮಹಲಿಗೆ ಲಾಡ್ಜ್ ಬಂದ ವರ್ಷವೇ. ಅದೇ ಕಲ್ಕತ್ತೆಯಲ್ಲಿ 1884ರಲ್ಲಿ ನರೇಂದ್ರನಾಥ ದತ್ತ ಎಂಬ ಯುವಕ ಸೇರಿದ. ಒಂಬತ್ತು ವರ್ಷದ ಬಳಿಕ, 1893ರ ಫೆಬ್ರುವರಿಯಲ್ಲಿ, ಸಿಕಂದರಾಬಾದಿನ ಮಹಬೂಬ್ ಕಾಲೇಜಿನಲ್ಲಿ ಅಮೆರಿಕಕ್ಕೆ ಹೋಗುವ ಉದ್ದೇಶ ವಿವರಿಸಿದ ಸಂನ್ಯಾಸಿ ಅವನೇ, ವಿವೇಕಾನಂದ.

1961ರ ನವೆಂಬರ್ 24ರಂದು ಭಾರತಕ್ಕೆ ಸ್ವಂತ ಗ್ರ್ಯಾಂಡ್ ಲಾಡ್ಜ್ ಬಂತು, ರಾಂಪುರದ ನವಾಬ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ಮತ, ಜಾತಿ, ಬಣ್ಣದ ತಕರಾರುಗಳೆಲ್ಲ ಕರಗಿದರೂ ಒಂದು ಉಳಿದುಕೊಂಡಿದೆ: ಸದಸ್ಯತ್ವ ಗಂಡಸರಿಗೆ ಮಾತ್ರ. ರಾಣಿವಾಸದ ಬಾರಾದರಿ ಗಂಡಸರದಾದ ವ್ಯಂಗ್ಯವನ್ನು ತಾನಾಶಾ ಮೆಚ್ಚುತ್ತಿದ್ದನೋ ಏನೋ. ಹೆಣ್ಣು-ಗಂಡು ಸೇರಿ ಕೂರುವ ಮೇಸನ್ ಪಂಥವೂ ಒಂದಿದೆ. 1893ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ್ದು. ಅನಿ ಬೆಸೆಂಟ್ 1902ರಲ್ಲಿ ಅದಕ್ಕೆ ಸೇರಿದರು, ಥಿಯೊಸಾಫಿಸ್ಟರ ಮೂಲಕ ಅದು ಭಾರತಕ್ಕೂ ಬಂತು. ಗ್ರ್ಯಾಂಡ್ ಲಾಡ್ಜಿನವರು ಅವರನ್ನು ಮೇಸನ್ನರೆಂದು ಒಪ್ಪುವುದಿಲ್ಲ.