ಇಕ್ಕೇರಿ ಸೀಮೆಯ ಸಮರಗ್ರಂಥಗಳೂ ಅವುಗಳ ಪೂರ್ವಸ್ವಾಮಿಗಳೂ

ಧರ್ಮ್ಯವಾದ ವಿತ್ತಾಗಮಗಳು ಏಳೆಂದು ಹೇಳುವ ಮನುವು ದಾಯ, ಲಾಭ, ಕ್ರಯಗಳೊಡನೆ ಜಯವನ್ನೂ ಎಣಿಸಿದ್ದಾನೆ. ಹೊಲ, ಹೊನ್ನು, ಆನೆ, ಕುದುರೆಗಳ ವಿಷಯದಲ್ಲಿ ಈ ವಿಭಾಗವು ಸುಪರಿಚಿತವಾದುದೇ. ಪುಸ್ತಕಕ್ಕೆ ಇದನ್ನು ಅನ್ವಯಿಸಿ ನೋಡುವವರು ವಿರಳ. ಯುದ್ಧಚರಿತ್ರೆಯ ಪ್ರಾಚೀನ ಗ್ರಂಥಗಳನ್ನು ಸಂಗ್ರಹಿಸುವವರಾದರೋ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಇಂತಹ ಗ್ರಂಥಗಳು ಯುದ್ಧವನ್ನು ವರ್ಣಿಸುವುವು ಮಾತ್ರವಲ್ಲ. ಎಷ್ಟೋ ವೇಳೆ ಯುದ್ಧದ ಕೊಳ್ಳೆಯಾಗಿ ಒಬ್ಬರ ಭಂಡಾರದಿಂದ ಮತ್ತೊಬ್ಬರ ಭಂಡಾರವನ್ನು ಸೇರಿದುವು. ಆದುದರಿಂದ ಪ್ರತಿಯೊಂದು ಯಾರಲ್ಲಿತ್ತು, ಅವನಿಗೆ ಹೇಗೆ ಬಂದಿತು ಎಂಬ ವಿವರವು ಆ ಪ್ರತಿಗೆ ಅಲಂಕಾರವಲ್ಲ, ಪ್ರಮಾಣವೇ ಆಗಿದೆ.

ಇಕ್ಕೇರಿಯ ಅರಸರ ಸಮರವೃತ್ತಾಂತಕ್ಕೆ ಮುಖ್ಯವಾದ ಗ್ರಂಥಗಳು ಎರಡು. ಬಸವಪ್ಪನಾಯಕನು ಶಕ 1631ರಲ್ಲಿ, ಎಂದರೆ ಕ್ರಿ.ಶ. 1709ರಲ್ಲಿ, ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಒಂಬತ್ತು ಕಲ್ಲೋಲಗಳ, ನೂರೆಂಟು ತರಂಗಗಳ ವಿಶ್ವಕೋಶ, ರಾಜನೀತಿ ಮೊದಲಾದ ಶಾಸ್ತ್ರವಿಷಯಗಳೊಡನೆ ಸ್ವವಂಶದ ಚರಿತ್ರೆಯನ್ನೂ ಅರಸನು ಅದರಲ್ಲಿ ಸೇರಿಸಿದ್ದಾನೆ. ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ವು ಹನ್ನೆರಡು ಆಶ್ವಾಸಗಳ ಕನ್ನಡ ಚಂಪೂ; ಇದನ್ನು ಆರ್. ಶಾಮಶಾಸ್ತ್ರಿಗಳು ಪರಿಷ್ಕರಿಸಿ 1921ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದರು. ಮುದ್ರಿತ ಪುಸ್ತಕದಿಂದ ಗ್ರಂಥಪಾಠವು ದೊರೆಯುತ್ತದೆ. ಓಲೆಯ ಪ್ರತಿಯಲ್ಲಿ ಅದಕ್ಕಿಂತ ಹೆಚ್ಚಿನದೊಂದು ಇರಬಹುದು. ಅದು ಕಡೆಯ ಗರಿಯ ಪುಷ್ಪಿಕೆ.

ಪುಷ್ಪಿಕೆಯಲ್ಲಿ ಲಿಪಿಕಾರನ ಹೆಸರು, ಪುಸ್ತಕದ ಒಡೆಯನ ಹೆಸರು, ಸಂವತ್ಸರ, ಮಾಸ, ತಿಥಿಗಳು ಕಾಣುವುದುಂಟು. ಶಕವರ್ಷವನ್ನು ಬರೆಯದೆ ಸಂವತ್ಸರವನ್ನು ಮಾತ್ರ ಬರೆದಿದ್ದರೆ ಅರುವತ್ತು ವರ್ಷಗಳ ಆವೃತ್ತಿಯಿಂದ ಸಂಶಯವು ಹುಟ್ಟುತ್ತದೆ. ಈ ಸೀಮೆಯ ಓಲೆಯೊಂದರಲ್ಲಿ ‘ಸ್ವಭಾನು’ ಎಂದಷ್ಟೇ ಇದೆಯೆಂದು ಭಾವಿಸೋಣ. ಅದು 1703ರದಾದರೆ ಬಸವಪ್ಪನಾಯಕನ ಆಳ್ವಿಕೆಯ ಕಾಲ. 1763ರದಾದರೆ ಬಿದನೂರು ಹೈದರಾಲಿಯ ಕೈಸೇರಿದ ವರ್ಷ. 1823ರದಾದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಮೂರು ಕಾಲಗಳಿಗೆ ಮೂರು ರಾಜ್ಯಸ್ಥಿತಿಗಳು. ಅಲ್ಲಿ ಒಡೆಯನ ಹೆಸರೊಂದು ಉಳಿದಿದ್ದು, ಅವನು ಶಾಸನದಲ್ಲಿಯೋ ಲೆಕ್ಕಪತ್ರದಲ್ಲಿಯೋ ಕಂಡುಬಂದರೆ ಸಂಶಯವು ನಿವೃತ್ತವಾಗುತ್ತದೆ. ಆ ಒಡೆಯನು ನಾಯಕನೇ ಆಗಿರಬೇಕಾದುದಿಲ್ಲ. ಊರಿನ ಶಾನುಭೋಗನಾದರೂ ಸಾಕು.

ಪ್ರಸಿದ್ಧ ಸ್ವಾಮಿಯ ಹೆಸರಿನಿಂದ ಆಗಬಹುದಾದ ಹಾನಿಗೆ ಶ್ರೀರಂಗಪಟ್ಟಣದ ಪುಸ್ತಕಭಂಡಾರವೇ ನಿದರ್ಶನ. 1799ರಲ್ಲಿ ಟೀಪೂಸುಲ್ತಾನನು ಮಡಿದ ಮೇಲೆ ಇಂಗ್ಲಿಷರ ವಶವಾದ ಈ ಭಂಡಾರದಲ್ಲಿ ಸುಮಾರು 2,000 ಸಂಪುಟಗಳಿದ್ದುವು. ಚಾರ್ಲ್ಸ್ ಸ್ಟೂಅರ್ಟನು ಇದರ ವಿವರಣಾತ್ಮಕ ಸೂಚಿಯನ್ನು 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚುಹಾಕಿಸಿದನು. ಅವನು ಹೇಳುವಂತೆ, ತಂದೆಮಕ್ಕಳು ಕ್ರಯಕ್ಕೆ ಪಡೆದ ಪುಸ್ತಕಗಳು ಅತ್ಯಲ್ಪ; ಉಳಿದುವು ಸವಣೂರು, ಕಡಪೆ, ಕರ್ನಾಟಿಕ್ ಪ್ರಾಂತಗಳ ಕೊಳ್ಳೆ. ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರ ಪುಸ್ತಕಗಳೂ ಕೆಲವು ಅಲ್ಲಿದ್ದುವು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿದ ಸಂಪುಟಗಳ ಮೇಲುಗಡೆಯಲ್ಲಿ ‘ಸರ್ಕಾರೇ ಖುದಾದಾದ್’ ಎಂಬ ಮುದ್ರೆಯನ್ನು ಒತ್ತಿದ್ದರು. ಜಯದಿಂದ ಬಂದುದು ಜಯದಿಂದಲೇ ಹೋಯಿತು. ಆದರೆ ಮುದ್ರೆಯು ಉಳಿಯಿತು. ಆ ಮುದ್ರೆಯನ್ನು ಕಂಡವನು ಪುಸ್ತಕವನ್ನು ‘ಟೀಪುವಿನದು’ ಎಂದು ಕರೆದು ಸುಮ್ಮನಾಗುತ್ತಾನೆ. ಒಳಹಾಳೆಗಳಲ್ಲಿ ಹಿಂದಿನ ಒಡೆಯನ ಮೊಹರು ಇದ್ದರೆ ಅದನ್ನು ಓದುವ ಶ್ರಮವನ್ನು ಯಾರೂ ಪಡುವುದಿಲ್ಲ. ಸವಣೂರಿನ ನವಾಬನು ಏನನ್ನು ಓದುತ್ತಿದ್ದನೆಂಬುದನ್ನು ಅರಿಯುವುದಕ್ಕೆ ಆ ಮೊಹರಿಗಿಂತ ಬೇರೆ ಸಾಕ್ಷಿ ಎಲ್ಲಿಯದು?

ಇದಕ್ಕೆ ಪ್ರತಿಯಾಗಿ ಕಾಲಿನ್ ಮೆಕೆಂಜಿಯ ಸಂಗ್ರಹವನ್ನು ನೋಡತಕ್ಕದ್ದು. ಇವನೂ ಸೈನಿಕನೇ, 1799ರ ಮುತ್ತಿಗೆಯಲ್ಲಿ ಎಂಜಿನಿಯರನಾಗಿದ್ದು, ಅನಂತರ ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿದವನು. ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿ ತರಿಸಿದನು. 1821ರಲ್ಲಿ ಅವನು ತೀರಿಕೊಂಡ ಬಳಿಕ ಕಂಪೆನಿಯ ಸರ್ಕಾರವು ಒಂದು ಲಕ್ಷ ರೂಪಾಯಿಗೆ ಸಂಗ್ರಹವನ್ನು ಕೊಂಡಿತು. 1828ರಲ್ಲಿ ವಿಲ್ಸನ್ನನ ಸೂಚಿಯು ಹೊರಟಿತು. ದಕ್ಷಿಣದ ಭಾಷೆಗಳ ಭಾಗವು ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿಭಂಡಾರದಲ್ಲಿ ನೆಲಸಿತು. ಇಕ್ಕೇರಿಯ ಚರಿತ್ರೆಯನ್ನು ಅರಸುವವನು ಚೆನ್ನೈಗೆ ಹೋಗಬೇಕಾಗಿ ಬಂದುದು ಖೇದಕರವೇ ಆದರೂ, ಬರಹವು ಯಾವ ಊರಿನದೆಂಬುದು ಅಲ್ಲಿ ಅಳಿಯದೆ ಉಳಿದಿದೆ. ಮೆಕೆಂಜಿಯ ಹೆಸರು ಹಿಂದಿನವರನ್ನು ನುಂಗಲಿಲ್ಲ. ಮಾರ್ಕ್ ವಿಲ್ಕ್ಸನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಚರಿತ್ರೆಗೂ ಈ ಸಂಗ್ರಹವು ಒದಗಿತು. ಆ ಚರಿತ್ರೆಯ ಹಳೆಯ ಪ್ರತಿಯಲ್ಲಿ ಸೇನಾಧಿಕಾರಿಯ ಹೆಸರಿದೆಯೆಂದು ಹಿಗ್ಗುವವರುಂಟು. ಯುದ್ಧದಲ್ಲಿದ್ದವನೇ ಅಂಚಿನಲ್ಲಿ ತಿದ್ದಿ ಬರೆದಿದ್ದರೆ ಅದು ಎರಡನೆಯ ಸಾಕ್ಷಿ. ಬರಿಯ ಹೆಸರು ಸ್ವಾಮಿತ್ವವನ್ನು ಸೂಚಿಸುವುದಷ್ಟೇ.

ದಾಯದಿಂದ ಬಂದ ಪುಸ್ತಕಗಳು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆತನಗಳಲ್ಲಿ ಓಲೆ, ಕಡತಗಳ ರೂಪದಲ್ಲಿ ಉಳಿದು ಬಂದುವು. ಕೆಳದಿ ಗುಂಡಾ ಜೋಯಿಸರ ಪ್ರಯತ್ನದಿಂದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅನೇಕ ಓಲೆಗರಿಗಳು ಸುರಕ್ಷಿತವಾಗಿವೆ. ಕಡತದ ವಿಷಯದಲ್ಲಿ ಎಚ್ಚರವು ಅಧಿಕವಾಗಿ ಬೇಕು. ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದುದನ್ನು ಒದ್ದೆಬಟ್ಟೆಯಿಂದ ಒರಸಿ ಬೇರೊಂದು ಹೆಸರನ್ನು ಬರೆಯುವುದು ಸುಲಭ. ಓಲೆಯಲ್ಲಿ ಹೀಗಾಗದು, ಅಕ್ಷರವು ಕೊರೆದುದಾದುದರಿಂದ ಮಸಿಯು ಹೋದರೂ ಗೀರು ಉಳಿಯುತ್ತದೆ. ಬರಿದೆಂದು ತೋರುವ ಹೊರಗರಿಗಳನ್ನು ಕಿತ್ತೆಸೆದು ಕಟ್ಟನ್ನು ಅಂದಗೊಳಿಸುವವರು ಇದನ್ನು ಅರಿಯರು. ಅಂತಹ ಗರಿಗೆ ತೆಳುವಾಗಿ ಮಸಿಯನ್ನು ತೊಡೆದು ಒರಸಿದರೆ, ಕೊರೆದು ಮಸಿ ತುಂಬದೆ ಬಿಟ್ಟಿದ್ದ ಹೆಸರು ಕಪ್ಪಾಗಿ ಎದ್ದು ಕಾಣುತ್ತದೆ.